ಅಂಗಳದ ಬೇರೆ ಒಲೆ

ನನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ. ಮದುವೆಯಾಗಿ ನಲವತ್ತು ವರ್ಷ ಹತ್ತಿರ ಬಂದ ಮೇಲೆ, ಹೋದ ಕ್ರಿಸ್‌ಮಸ್ಸಿನ ವಾರದಲ್ಲಿ, ಇದು ನನಗೆ ಗೊತ್ತಾಯಿತು. ಹೇಳಿದವನು ಹೊರಗಿನವನು. ಇಷ್ಟು ಬರೆಯುವುದರೊಳಗೆ ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ವರ್ಷವಾಗುತ್ತ ಬಂದರೂ ಆ ಮಾತು ಕೇಳಿದಾಗ ಎದೆಯಲ್ಲಿ ಆದದ್ದು ಇನ್ನೂ ಪೂರ್ತಿ ಹೋಗಿಲ್ಲ.

ಇದನ್ನು ಬರೆಯಲು ಅವಳು ಒಪ್ಪಿದ್ದಾಳೆ. ಮಕ್ಕಳಿಗೆ ತನಗೆ ಸರಿ ಕಂಡ ಹೊತ್ತಿನಲ್ಲಿ ತಾನೇ ಹೇಳಿಯೂ ಆಗಿದೆ. ಯಾರ ಹೆಸರನ್ನೂ ಹಾಕಬಾರದು, ತನ್ನನ್ನು ದೊಡ್ಡವಳನ್ನಾಗಿ ಮಾಡಿ ಬರೆಯಬಾರದು ಎಂದಿದ್ದಾಳೆ. ಎರಡಕ್ಕೂ ಹೂಂ ಅಂದಿದ್ದೇನೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿದ್ದವನು. ಓದಿದ್ದು ಮೆಟ್ರಿಕ್. ನಮ್ಮ ಓಣಿಯ ಕ್ರೈಸ್ತರ ಮನೆಗಳಲ್ಲಿ ಆ ಕಾಲಕ್ಕೆ ಅದೇ ದೊಡ್ಡ ಓದು. ಹಾಗಾಗಿ ಮನೆಯಲ್ಲಿ ಯಾವುದಕ್ಕೂ ಕೊನೆಯ ಮಾತು ನನ್ನದು. ಕ್ರಿಸ್‌ಮಸ್ ಊಟಕ್ಕೆ ಏನು ಮಾಡಬೇಕು ಎಂಬುದಂತೂ ನನ್ನ ಖಾಸಾ ಇಲಾಖೆ. ಆಡಿನ ಮಾಂಸದ ಬಿರಿಯಾನಿ, ತಲೆಮಾಂಸದ ಸಾರು, ಮೊಸರಿನಲ್ಲಿ ಈರುಳ್ಳಿ, ಕರ್ಚಿಕಾಯಿ, ಬೇಕರಿಯ ಕೇಕು. ಪಕ್ಕದ ಮನೆಯವರು ಮುಸ್ಲಿಮರು. ಅವರೂ ಉಣ್ಣುವಂತೆ ಆಡನ್ನು ಅವರ ಕಸಾಯಿಯವನ ಹತ್ತಿರವೇ ಕೊಯ್ಯಿಸುತ್ತೇವೆ. ಆ ಮನೆಯ ಹೆಣ್ಣುಮಗಳೇ ಬಂದು ದಮ್ ಕಟ್ಟಿ ಕೊಡುತ್ತಾಳೆ.

ಇನ್ನು ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಲಿಂಗಾಯತ, ಬೀಜ ಗೊಬ್ಬರದ ಅಂಗಡಿ ಇಟ್ಟವನು. ಅವನಿಗಾಗಿ ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಹಿಂದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹಚ್ಚುತ್ತೇವೆ. ಅದಕ್ಕೆಂದೇ ಬೇರೆ ಪಾತ್ರೆಗಳಿವೆ. ವರ್ಷವಿಡೀ ಅಟ್ಟದ ಮೇಲಿದ್ದು, ಹಬ್ಬಕ್ಕೆ ಕೆಳಗಿಳಿದು, ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಒಲೆಯೇರುತ್ತವೆ. ಅವನಿಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ. ಇದನ್ನು ನಾನು ನಮ್ಮ ಮನೆಯ ದೊಡ್ಡಸ್ತಿಕೆ ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಲೇ ಒಳಗೆ ಹೋಗಿ ಹೆಂಡತಿಯನ್ನು ಬೈಯುತ್ತಿದ್ದೆ. ಒಬ್ಬ ಮನುಷ್ಯನಿಗೆ ನಾಲ್ಕು ಮಂದಿಗಾಗುವಷ್ಟು ಎಣ್ಣೆಗಾಯಿ ಯಾಕೆ ಎಂದು. ಅಣ್ಣಾರಿಗೆ ಬುತ್ತಿ ಕಟ್ಟಬೇಕು ಅನ್ನುತ್ತಿದ್ದಳು. ಪ್ರತಿ ವರ್ಷ ಅದೇ ಬೈಗುಳ, ಅದೇ ಉತ್ತರ.

ಅವಳು ಉಣ್ಣುವುದನ್ನು ನಾನು ನೋಡುತ್ತಿರಲಿಲ್ಲ. ಬಂದವರು, ಗಂಡಸರು, ಮಕ್ಕಳು, ಆಮೇಲೆ ಹೆಂಗಸರು. ಹೆಂಗಸರಲ್ಲೂ ಇವಳು ಎಲ್ಲರಿಗಿಂತ ಕೊನೆ. ಅಷ್ಟು ಹೊತ್ತಿಗೆ ನಾನು ಪಡಸಾಲೆಯ ಮಂಚದ ಮೇಲೆ ಎಲೆಅಡಿಕೆ ಹಾಕಿಕೊಂಡು ಗೋಡೆ ಕಡೆ ಹೊರಳಿರುತ್ತಿದ್ದೆ. ಆದರೆ ಹೊರಳುವ ಮುಂಚೆ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಸಾರಿನೊಳಗಿನ ತಲೆಮಾಂಸದ ಒಳ್ಳೆಯ ತುಂಡುಗಳನ್ನು ನಾನೇ ಆರಿಸಿ, ಒಂದು ಬಟ್ಟಲಿಗೆ ಹಾಕಿ, ಇದು ಮನೆಯಾಕೆಗೆ, ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ.

ಹೋದ ವರ್ಷ ಹಬ್ಬಕ್ಕೆ ಮುಂಚಿನ ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಮಗ, ಸೊಸೆ, ಯಲಬುರ್ಗಾದಿಂದ ಬಂದ ಮಗಳು. ಹೆಂಡತಿ ಹೊಸ್ತಿಲ ಹತ್ತಿರ ಕರ್ಚಿಕಾಯಿ ತುಂಬುತ್ತಿದ್ದಳು. ಪಕ್ಕದ ಮನೆಯಾಕೆಯೂ ಅವಳಿಗೆ ಕೈಜೋಡಿಸಲು ಬಂದಿದ್ದಳು. ಅಕ್ಕಿ ಎಷ್ಟು ಎಂಬ ಮಾತು ಬಂದಾಗ ಆಕೆ ನನ್ನ ಕಾಲೆಳೆದಳು. “ಮಿಲ್ನ್ಯಾಗ ಲಾರಿಗಟ್ಟಲೆ ಅಕ್ಕಿ ತೂಗ್ಯಾರ ಭಾಯಿಸಾಬ್. ಮನಿಗೆ ಬಂದ್ರ ಸೇರಿನ ಮ್ಯಾಲೆ ಕೈ ಏಳಂಗಿಲ್ಲ.” ಮಗಳು ನಕ್ಕು ನಕ್ಕು ಬಿದ್ದಳು. ಸರಿ, ಅಕ್ಕಿ ಹೆಚ್ಚು ಮಾಡಿದೆ.

ಆಮೇಲೆ ಸೊಸೆ ಒಂದು ಮಾತು ತೆಗೆದಳು. ಆಕೆ ಕೊಪ್ಪಳದ ಶಾಲೆಯಲ್ಲಿ ಟೀಚರು. “ಮಾವಾರ, ಈ ಸಲ ಎಲ್ಲಾರೂ ಕೂಡೇ ಕೂತು ಉಣ್ಣೂಣ್ರಿ. ಅತ್ತಿ ಒಬ್ಬಾಕಿ ಹೊತ್ತು ಹೋದ ಮ್ಯಾಲೆ ಉಣ್ಣೋದು ಬ್ಯಾಡ” ಅಂದಳು. ಶಾಮಿಯಾನದವರಿಂದ ಟೇಬಲ್ಲು ಕುರ್ಚಿ ತರಿಸುವುದು, ನಡುವೆ ಪಾತ್ರೆಗಳನ್ನಿಟ್ಟು ಅವರವರೇ ಹಾಕಿಕೊಳ್ಳುವುದು. ನನಗೆ ಬಹಳ ಹಿಡಿಸಿತು. ಅವಳ ಪಕ್ಕದಲ್ಲಿ ನಾನೇ ಕೂತು, ನನ್ನ ಕೈಯಾರೆ ತಲೆಮಾಂಸ ಬಡಿಸುತ್ತೇನೆ ಎಂದು ಸಾರಿದೆ. ಅಷ್ಟಕ್ಕೆ ನಿಲ್ಲಿಸದೆ ನನ್ನ ಹಳೆಯ ಕಥೆಯನ್ನೂ ಹೇಳಿದೆ. ಮದುವೆಯಾದ ವರ್ಷದ ಮೊದಲ ಕ್ರಿಸ್‌ಮಸ್ಸಿಗೆ, ಅವ್ವನ ಮುಂದೆ, ಬಂಧುಬಳಗದ ಮುಂದೆ, ಇವಳು ನಾಚಿಕೊಂಡು ನಿಂತಾಗ ನಾನು ಒಂದು ತುಂಡನ್ನು ಇವಳ ಬಾಯಿಗೆ ಇಟ್ಟದ್ದು, ಎಲ್ಲರೂ ಚಪ್ಪಾಳೆ ತಟ್ಟಿದ್ದು. ಮಗಳ ಮದುವೆಯಲ್ಲಿ ಹೇಳಿದ್ದ ಕಥೆ ಅದು. ಮಗನ ಮದುವೆಯಲ್ಲೂ ಹೇಳಿದ್ದೆ. ನನ್ನ ಬಾಳಿನಲ್ಲಿ ಅಂಥ ಸಿಹಿ ನೆನಪು ಇನ್ನೊಂದಿಲ್ಲ ಎಂದೇ ತಿಳಿದಿದ್ದೆ.

ಹೆಂಡತಿ ಕರ್ಚಿಕಾಯಿಯಿಂದ ತಲೆ ಎತ್ತದೆ, ತನಗೆ ನಡುನಡುವೆ ಏಳುವುದಿರುತ್ತದೆ, ಆಮೇಲೆ ಉಣ್ಣುತ್ತೇನೆ ಎಂದಳು. ಈ ಸಲ ಏಳುವ ಹಾಗಿಲ್ಲ ಎಂದೆ. ಎಲ್ಲರೂ ನಕ್ಕರು.

ಅದೇ ಉಮೇದಿನಲ್ಲಿ ಇನ್ನೊಂದನ್ನೂ ಗೊತ್ತು ಮಾಡಿದೆ. ಗೆಳೆಯ ಅಂಜನಾದ್ರಿಯ ಮೆಟ್ಟಿಲು ಇಳಿಯುವಾಗ ಜಾರಿ ಪಾದ ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡು ಮಲಗಿದ್ದ. ಬರಲಾರೆ ಎಂದು ಹೇಳಿ ಕಳಿಸಿದ್ದ. ಹಾಗಾದರೆ ಈ ವರ್ಷ ಬೇರೆ ಒಲೆ ಬೇಡ, ಕೆಲಸ ಕಡಿಮೆಯಾಯಿತು ಎಂದೆ.

“ಒಂದೀಟ ಬದನಿಕಾಯಿ ಮಾಡ್ತೀನಿ, ತಡೀರಿ. ಯಾರರ ಬರಬಹುದು” ಅಂದಳು ಹೆಂಡತಿ.

“ಯಾರ್ ಬರ್ತಾರ? ಸುಮ್ನ ಕೆಲಸ ಹಚ್ಕೋಬ್ಯಾಡ.”

ಅವಳ ಕೈಯಲ್ಲಿದ್ದ ಕರ್ಚಿಕಾಯಿ ಒಡೆದು ಹೂರಣ ಮಡಿಲಿಗೆ ಚೆಲ್ಲಿತು. ನಾನು ಅದನ್ನು ನೋಡಿದೆ. ವಯಸ್ಸಾಯಿತು, ಕೈ ನಡುಗುತ್ತದೆ ಅಂದುಕೊಂಡೆ.

ಮರುದಿನ ಸಂಜೆ ಗೆಳೆಯನನ್ನು ನೋಡಲು ಹೋದೆ. ಮಂಚದ ಮೇಲೆ ಕಾಲನ್ನು ದಿಂಬಿಗೇರಿಸಿ ಮಲಗಿದ್ದ. “ಬಾರಲೇ. ಹನುಮಪ್ಪ ಸಮುದ್ರನ ಹಾರಿದಾ. ನನಗ ಅವನ ಗುಡಿ ಮುಂದಿನ ಒಂದು ಮೆಟ್ಟಲಾ ಹಾರಾಕ ಆಗಲಿಲ್ಲ” ಎಂದು ನಕ್ಕ. ಕರ್ಚಿಕಾಯಿ ಡಬ್ಬಿ ಕೊಟ್ಟೆ. ಚಹಾ ಬಂತು, ಕುಡಿದೆವು. ಹಬ್ಬದ ಸುದ್ದಿ ಹೇಳಿದೆ. ಎಲ್ಲರೂ ಕೂಡಿ ಕೂರುವುದು, ಟೇಬಲ್ಲು ತರಿಸುವುದು, ಎಲ್ಲ ಕೇಳಿ ಛಲೋ ಆತು ಅಂದ. ಕೊನೆಗೆ, ಒಲೆಗೆ ಕಟ್ಟಿಗೆ ತರಿಸಿದೆಯಾ ಎಂದು ಕೇಳಿದ. ನೀನೇ ಬರುವುದಿಲ್ಲವಲ್ಲ, ಆ ಒಲೆ ಬೇಡ ಅಂದೆ ಎಂದು ಹೇಳಿದೆ.

ಅವನ ಮುಖದ ನಗು ಹೋಯಿತು.

“ಮತ್ತ ತಂಗಿ ಏನ್ ಉಣ್ತಾಳ?”

“ಆಕಿಗೇನಾಗೈತಿ? ಬಿರಿಯಾನಿ ಐತಿ, ತಲಿಮಾಂಸ ಐತಿ.”

ಅವನು ನನ್ನನ್ನೇ ನೋಡಿದ. ಆಮೇಲೆ ಒಳಗಿನ ಕಡೆ ತಿರುಗಿ ಇನ್ನೊಮ್ಮೆ ಚಹಾ ತರಲು ಕೂಗಿದ. ಕುಡಿದ ಲೋಟಗಳು ಇನ್ನೂ ನಮ್ಮ ಮುಂದೆಯೇ ಇದ್ದವು.

“ಲೇ, ಆಕಿ ತಿನ್ನಂಗಿಲ್ಲಲೇ.”

“ಏನ್ ತಿನ್ನಂಗಿಲ್ಲ?”

“ಮಾಂಸ. ನಿನಗ ಖರೇನ ಗೊತ್ತಿಲ್ಲೇನು?”

ಚೇಷ್ಟೆ ಮಾಡುತ್ತಿದ್ದಾನೆ ಎಂದು ನಗಲು ನೋಡಿದೆ. ಬಾಯಿ ಬಿಟ್ಟಿತು, ನಗು ಬರಲಿಲ್ಲ. ಅವನು ನಿಧಾನವಾಗಿ ಹೇಳಿದ. ಬಹಳ ವರ್ಷಗಳ ಹಿಂದೆ ಹಬ್ಬದ ಊಟ ಮುಗಿಸಿ ಹೊರಟವನು ಹೆಗಲ ಮೇಲಿನ ವಲ್ಲಿ ಮರೆತು ಹಿತ್ತಲ ಬಾಗಿಲಿನಿಂದ ಬಂದನಂತೆ. ಇವಳು ಅವನ ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಂಗೈಯಲ್ಲಿ ರೊಟ್ಟಿ ಹಿಡಿದು ಅವನಿಗೆ ಮಾಡಿದ ಎಣ್ಣೆಗಾಯಿ ಉಣ್ಣುತ್ತಿದ್ದಳಂತೆ. ನಾನು ಆರಿಸಿಟ್ಟ ಬಟ್ಟಲು ಮುಚ್ಚಿದ ಹಾಗೇ ಗಿಡ್ಡ ಗೋಡೆಯ ಮೇಲೆ, ಪಕ್ಕದ ಮನೆಗೆ ಹೋಗಲು ತಯಾರಾಗಿ ಕೂತಿತ್ತಂತೆ. ಹೇಳಬ್ಯಾಡ್ರಿ ಅಣ್ಣಾರ, ನಗ್ತಾರ, ಅಂದಳಂತೆ.

“ಅವತ್ತಿನಿಂದ ನಾ ಒಂದು ರೊಟ್ಟಿ ಕಮ್ಮಿ ಉಣ್ತೀನಿ. ಶುಗರ್ ಬಂದ ಮ್ಯಾಲೂ ಹೋಳಿಗಿ ಬೇಕಂತ ಹಟ ಮಾಡ್ತಿದ್ನೆಲ್ಲ, ಯಾರಿಗಂತ ತಿಳಿದಿ?”

ಎರಡನೆಯ ಚಹಾ ಬಂತು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ನಮ್ಮ ಓಣಿಯ ತಿರುವು ದಾಟಿ ಮುಂದೆ ಎಷ್ಟೋ ದೂರ ನಡೆದು ಹೋಗಿ, ಭತ್ತದ ಲಾರಿಯೊಂದು ಮೈಮೇಲೆ ಬಂದಂತೆ ಹಾರ್ನ್ ಹೊಡೆದಾಗ ಎಲ್ಲಿದ್ದೇನೆಂದು ತಿಳಿಯಿತು. ನೆನಪಿನಲ್ಲಿ ಹುಡುಕಿದೆ. ಭಾನುವಾರಗಳಲ್ಲಿ ನಾನು ಕೋಳಿ ಸಾರು ಉಂಡು ಮಲಗಿದ ಮೇಲೆ ಅವಳು ಏನು ಉಂಡಳು? ಬಕ್ರೀದಿಗೆ ಪಕ್ಕದ ಮನೆಯಿಂದ ಬಂದ ಪಾಲಿನಲ್ಲಿ? ಮಗಳ ಮದುವೆಯ ದಿನ? ಅವಳು ಬಡಿಸುತ್ತಿರುವುದು ಕಾಣುತ್ತಿತ್ತು, ಸೌಟು ಕಾಣುತ್ತಿತ್ತು, ಬಳೆ ಕಾಣುತ್ತಿತ್ತು. ಉಣ್ಣುತ್ತಿರುವ ಅವಳ ಮುಖ ಒಂದು ಸಲವೂ ಕಾಣಲಿಲ್ಲ. ದಿನದಿನದ ರೊಟ್ಟಿ ಪಲ್ಯವನ್ನೂ ನಾನು ಉಂಡೆದ್ದ ಮೇಲೆಯೇ ಅವಳು ಉಣ್ಣುತ್ತಿದ್ದಳು.

ಮನೆಗೆ ಬಂದಾಗ ಅವಳು ಹಿಂದಿನ ಅಂಗಳದಲ್ಲಿದ್ದಳು. ಅಟ್ಟದ ಪಾತ್ರೆಗಳನ್ನು ಕೆಳಗಿಳಿಸಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನಾನು ಬೇಡ ಅಂದಿದ್ದ ಪಾತ್ರೆಗಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಅಣ್ಣಾರು ಹೇಳಿದ್ರೇನು?”

ಹೂಂ ಅಂದೆ. ಬಾವಿಕಟ್ಟೆಯ ಮೇಲೆ ಕೂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸಿಟ್ಟೇ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

“ಹೇಳಿದ್ದೆನಲ್ರಿ. ಮೊದಲನೇ ಕ್ರಿಸ್‌ಮಸ್‌ಗೆ.”

ತಿಕ್ಕುತ್ತಲೇ ಹೇಳಿದಳು. ಚಿಕ್ಕಂದಿನಿಂದ ಆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತಂತೆ. ಕುಷ್ಟಗಿ ಕಡೆಯ ಹಳ್ಳಿಯ ಅವಳ ತವರಿನಲ್ಲಿ ಮಾಂಸವೇ ಅಪರೂಪ, ರೊಟ್ಟಿ ಪುಂಡಿಪಲ್ಯದ ಮನೆ, ಹಾಗಾಗಿ ಯಾರೂ ಗಮನಿಸಲಿಲ್ಲ. ನಮ್ಮ ಮನೆಗೆ ಬಂದ ಮೇಲಿನ ಮೊದಲ ಹಬ್ಬದ ದಿನ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳಂತೆ, ನನಗೆ ಇದು ಸೇರುವುದಿಲ್ಲ ಎಂದು. ನಾನು ಪಡಸಾಲೆಗೆ ಬಂದು ನಗುತ್ತ ಎಲ್ಲರಿಗೂ ಹೇಳಿದೆನಂತೆ.

“‘ನಮ್ಮ ಮನಿಗೆ ಐನಾರ ಮಗಳು ಬಂದಾಳ ನೋಡ್ರಿ’ ಅಂದ್ರಿ. ನಿಮ್ಮವ್ವ, ‘ತಿನಸೋ ಆಕಿಗೆ, ಸೊಕ್ಕು ಇಳೀಲಿ’ ಅಂದ್ರು. ನೀವು ತಿನಿಸಿದ್ರಿ. ಅಗೀಲಿಲ್ಲ ನಾನು, ಹಂಗ ನುಂಗಿದೆ. ಬಚ್ಚಲಕ್ಕ ಹೋಗಿ ಕಾರಕೊಂಡು ಬಂದು ಮತ್ತ ಬಡಿಸಾಕ ನಿಂತೆ.”

ನನಗೆ ಚಪ್ಪಾಳೆ ನೆನಪಿತ್ತು. ಅವಳು ತಲೆ ತಗ್ಗಿಸಿದ್ದು ನೆನಪಿತ್ತು. ಅದನ್ನು ನಾಚಿಕೆ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ. ಅವಳು ಹೇಳಿದ ಮೇಲೆ ‘ಐನಾರ ಮಗಳು’ ಎಂಬ ಮಾತೂ ನನ್ನ ದನಿಯಲ್ಲೇ ಕಿವಿಗೆ ಬಿತ್ತು. ನಾನು ಅಂದದ್ದು ನಿಜ. ನಮ್ಮಂಥವರ ಮನೆಗೆ ಬಂದವಳು ಮಾಂಸ ಒಲ್ಲೆ ಎಂದರೆ ಮಾಂಸ ಮುಟ್ಟದ ಐನಾರಂಥ ಮೇಲಿನವರ ಮಗಳಂತೆ ಜಂಬ ಮಾಡುತ್ತಾಳೆ ಎಂದೇ ನಮ್ಮವರು ತಿಳಿಯುತ್ತಿದ್ದರು. ಅವಳು ಒಂದೇ ಸಲ ಬಾಯಿ ಬಿಟ್ಟಳು, ಆಮೇಲೆ ಬಿಡಲಿಲ್ಲ. ಎಲ್ಲರಿಗಿಂತ ಕೊನೆಗೆ ಉಣ್ಣುವುದನ್ನು ನಾನು ಅವಳ ಒಳ್ಳೆಯ ಗುಣ ಎನ್ನುತ್ತಿದ್ದೆ. ಯಾರೂ ನೋಡದ ಹೊತ್ತು ಅವಳಿಗೆ ಬೇಕಾಗಿತ್ತು, ಅಷ್ಟೇ. ಆ ವರ್ಷ ಆ ಹೊತ್ತನ್ನೂ ಆ ಒಲೆಯನ್ನೂ ಒಂದೇ ಬೈಠಕ್ಕಿನಲ್ಲಿ ನಾನು ಕಿತ್ತುಕೊಂಡಿದ್ದೆ, ಅದೂ ಅವಳಿಗೆ ಮರ್ಯಾದೆ ಮಾಡುತ್ತೇನೆಂದು.

ಅಳು ಬಂತು. ಹಬ್ಬದ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ನಿನ್ನ ಕ್ಷಮೆ ಕೇಳುತ್ತೇನೆ ಎಂದೆ. ಆಗ ಅವಳು ಮೊದಲ ಸಲ ಪಾತ್ರೆ ಕೆಳಗಿಟ್ಟಳು.

“ಹಂಗ ಮಾಡಬ್ಯಾಡ್ರಿ. ಅವತ್ತೂ ಎಲ್ಲಾರ ಮುಂದ ನನ್ನ ಬಾಯಿಗೆ ಹಾಕಿದ್ರಿ. ಈಗೂ ಎಲ್ಲಾರ ಮುಂದನಾ?”

ನನ್ನ ಪಶ್ಚಾತ್ತಾಪವೂ ಇನ್ನೊಂದು ತುಂಡಾಗಿ ಅವಳ ಬಾಯಿಗೆ ಹೋಗುವುದರಲ್ಲಿತ್ತು. ಹಾಗಾದರೆ ಏನು ಮಾಡಲಿ ಎಂದು ಕೇಳಿದೆ.

“ಕಟ್ಟಿಗಿ ತರ್ರಿ. ನನಗ ಆ ಒಲಿ ಬೇಕು.”

ಅಂದು ರಾತ್ರಿ ಮಕ್ಕಳ ಮುಂದೆ ಊಟದ ಮಾತು ಮತ್ತೆ ತೆಗೆದೆ. ಬೇರೆ ಒಲೆ ಹಚ್ಚುವುದು ಎಂದೆ. ಯಾರಿಗೆ ಎಂದರು. ನನಗೆ ಎಂದೆ. ನನ್ನ ಹೊಟ್ಟೆ ಸರಿ ಇಲ್ಲ, ಈ ಸಲ ಮಾಂಸ ಒಲ್ಲೆ, ಒಬ್ಬನೇ ಬೇರೆ ಉಣ್ಣಲು ಬೇಸರ, ನಿಮ್ಮವ್ವ ನನ್ನ ಜತೆ ಅದನ್ನೇ ಉಣ್ಣಲಿ. ಮನೆಯಲ್ಲಿ ಗದ್ದಲವೆದ್ದಿತು. ಮಗ ಆಸ್ಪತ್ರೆಗೆ ಹೋಗಿ ಬರೋಣ ಎಂದು ಬೈಕಿನ ಕೀಲಿ ತೆಗೆದುಕೊಂಡ. ಮಗಳು ಹಣೆ ಮುಟ್ಟಿ ನೋಡಿದಳು. ಹೆಂಡತಿ ಒಳಗಿನಿಂದ ನನ್ನನ್ನು ನೋಡಿದಳು. ನಗಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಹಬ್ಬದ ಬೆಳಿಗ್ಗೆ ಬದನೆಕಾಯಿ ನಾನೇ ಹೆಚ್ಚುತ್ತೇನೆ ಎಂದು ಕೂತೆ. ತೊಟ್ಟೆಲ್ಲ ಕೊಯ್ದು ಚೊಕ್ಕ ಮಾಡಿ ಸಾಲಾಗಿ ಇಟ್ಟೆ. ಬಂದು ನೋಡಿದಳು. “ತೊಟ್ಟು ಯಾಕ ತಗದ್ರಿ? ಮಸಾಲಿ ಹೆಂಗ ನಿಲ್ತೈತಿ ಇದರಾಗ?” ಅಂದಳು. ಮಗನನ್ನು ಮತ್ತೆ ಸಂತೆ ಕಡೆ ಓಡಿಸಿದೆ. ಎಷ್ಟು ತರಲಿ ಎಂದು ಕೇಳಿದ. ಹೆಚ್ಚಿಗೆ ತಾ ಎಂದೆ.

ಚರ್ಚಿನಿಂದ ಬಂದು, ಪ್ರಾರ್ಥನೆ ಮಾಡಿ, ಎಲ್ಲರೂ ಟೇಬಲ್ಲಿಗೆ ಕೂತೆವು. ಗೆಳೆಯನ ಮನೆಗೆ ಬುತ್ತಿ ಮೊದಲೇ ಹೋಗಿತ್ತು. ಪಕ್ಕದ ಮನೆಯಾಕೆ ದಮ್ ಒಡೆದು ಹಂಡೆಯ ಮುಚ್ಚಳ ತೆಗೆದಳು. ನನ್ನ ಬಾಯಲ್ಲಿ ನೀರೂರಿತು, ಅದನ್ನೂ ಹೇಳಿಬಿಡುತ್ತೇನೆ. ತಲೆಮಾಂಸದ ಪಾತ್ರೆ ಬಂದಾಗ ಎಲ್ಲರ ಕಣ್ಣೂ ನನ್ನ ಕಡೆ ಹೊರಳಿತು. ಬಟ್ಟಲು ತುಂಬುವವನು ನಾನಲ್ಲವೇ. ಪಕ್ಕದ ಮನೆಯಾಕೆ ಕೈ ಚಾಚಿ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

“ನಮ್ಮ ಆಪಾ ಭಾಯಿಸಾಬರ ಕೂಡ ಕೂತು ಬದನಿಕಾಯಿ ಉಣ್ತಾರ. ಇದು ನನಗಿರಲಿ.”

ಹಾಗೆಂದು ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದಳು. ಅವಳಿಗೂ ಗೊತ್ತಿತ್ತು. ಗೋಡೆಯ ಮೇಲಿನಿಂದ ಅಷ್ಟು ವರ್ಷ ಬಟ್ಟಲು ಇಸಿದುಕೊಂಡವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಹೆಂಡತಿ ನನ್ನ ಪಕ್ಕದಲ್ಲಿದ್ದಳು. ರೊಟ್ಟಿಯನ್ನು ಬಹಳ ಚಿಕ್ಕದಾಗಿ ಮುರಿಯುತ್ತಾಳೆ. ಎಡಗಡೆಯಿಂದ ಮಾತ್ರ ಅಗಿಯುತ್ತಾಳೆ. ಬಲಗಡೆಯ ದವಡೆ ಹಲ್ಲುಗಳು ಇಲ್ಲ. ಯಾವಾಗ ಹೋದವು, ಯಾರು ಕರೆದೊಯ್ದು ಕೀಳಿಸಿಕೊಂಡು ಬಂದರು, ನನಗೆ ತಿಳಿಯದು. ಎಣ್ಣೆಗಾಯಿಯ ತೊಟ್ಟನ್ನು ಹಿಡಿದು ಚೀಪಿ, ತಾಟಿನ ಅಂಚಿಗೆ ಒಂದರ ಪಕ್ಕ ಒಂದು ಇಡುತ್ತಾಳೆ. ನೋಡುತ್ತಲೇ ಇದ್ದೆ. ಈ ಹೆಂಗಸನ್ನು ಎಲ್ಲೋ ಬಸ್ಸಿನಲ್ಲಿ ಎದುರಿಗೆ ಕೂತ ಯಾರನ್ನೋ ನೋಡಿದಂತೆ ನೋಡುತ್ತಿದ್ದೆ.

ಅವಳು ನನ್ನ ಕಡೆ ತಿರುಗದೆ, ನನಗೆ ಮಾತ್ರ ಕೇಳುವಂತೆ ಹೇಳಿದಳು. “ನನ್ನ ತಾಟು ನೋಡಬ್ಯಾಡ್ರಿ. ನಿಮ್ಮದು ಆರ್ತೈತಿ.”

ನನ್ನ ತಾಟಿಗೆ ತಿರುಗಿ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟೆ. ಆ ಒಲೆಯ ಅಡುಗೆಯನ್ನು, ಅಷ್ಟು ವರ್ಷ ಬೈದರೂ, ನಾನು ಅಲ್ಲಿಯವರೆಗೆ ಒಂದು ಸಲವೂ ರುಚಿ ನೋಡಿರಲಿಲ್ಲ.